ಹ್ಯಾಂಡಲಿಗೆ ಕಟ್ಟಿದ ಕೆಂಪು ಬಟ್ಟೆ

ಹಳೆಯ ಗ್ರೀಸಿಗೆ ಒಂದು ವಾಸನೆ ಇದೆ. ತುಕ್ಕು, ಸೀಮೆಎಣ್ಣೆ, ಬಿಸಿಲಿಗೆ ಕಾದ ರಬ್ಬರು ಮೂರೂ ಸೇರಿದ ವಾಸನೆ. ಯಾರಿಗೂ ಇಷ್ಟವಾಗುವಂಥದ್ದಲ್ಲ, ನನಗೆ ಮಾತ್ರ ಮಲ್ಲಿಗೆಯ ಚೆಂಡಿಗಿಂತ ಹತ್ತಿರದ್ದು. ಕಳೆದ ತಿಂಗಳು ಬಂಟ್ವಾಳದಲ್ಲಿ ಬಸ್ಸಿನ ಪಕ್ಕ, ಹತ್ತು ಜನ ನೋಡುತ್ತಿರುವಾಗಲೇ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಹಳೆಯ ಸೈಕಲಿನ ಹ್ಯಾಂಡಲಿನ ಬೋಲ್ಟು ಸಡಿಲಿಸಿದೆ. ಎರಡು ಸುತ್ತು ಬಿಚ್ಚಿ ಮೇಲಿನಿಂದ ಒಂದು ಪೆಟ್ಟು ಕೊಟ್ಟದ್ದೇ, ಆ ವಾಸನೆ ಒಳಗಿನಿಂದ ಭಗ್ಗನೆ ಎದ್ದು ಬಂತು. ಐವತ್ತಾರು ವರ್ಷದ ನಾನು ಅಲ್ಲೇ ಹನ್ನೊಂದು ವರ್ಷದವಳಾಗಿ ಒಂದು ಗಳಿಗೆ ನಿಂತುಬಿಟ್ಟೆ. ಕೈಯಲ್ಲಿದ್ದ ಸ್ಪಾನರ್ ಅಪ್ಪನದ್ದು, ಸೈಕಲ್ ಮಾತ್ರ ಯಾರೋ ಬಳಸಿ ಮಾರಿದ್ದು.

ನಡೆದದ್ದು ಇಷ್ಟು. ಮೂಡುಬಿದಿರೆಯ ಒಂದು ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುತ್ತಾ ಮೂವತ್ತು ವರ್ಷ ಕಳೆದವಳು ನಾನು. ಮನೆ ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ. ಮೊಣಕಾಲು ನೋವಿಗೆ ಸೈಕಲ್ ಹೊಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಅವರು ಹೇಳಿದ್ದು ಜಿಮ್ಮಿನಲ್ಲಿ ನಿಂತಲ್ಲೇ ತುಳಿಯುವ ಸೈಕಲ್. ನಾನು ಬಂಟ್ವಾಳಕ್ಕೆ ಹೋಗಿ ಅಪ್ಪನ ಕಾಲದ್ದೇ ಮಾದರಿಯ ಒಂದು ಹಳೆಯ ಕಪ್ಪು ಸೈಕಲ್ ಕೊಂಡೆ. ಕೊಂಡದ್ದನ್ನು ಬಸ್ಸಿನಲ್ಲೇ ಮನೆಗೆ ತರಬೇಕೆಂದು ನನಗೆ ಹಠ. ಕಂಡಕ್ಟರ್ ನನ್ನನ್ನೂ ಸೈಕಲನ್ನೂ ಸರದಿಯಲ್ಲಿ ನೋಡಿದ. "ಮೇಡಂ, ಟಾಪಿಗೆ ಏಣಿಯೇ ಇಲ್ಲ, ನೋಡಿ. ಈಗ ಯಾರು ಸೈಕಲ್ ಬಸ್ಸಿಗೆ ಹಾಕ್ತಾರೆ ಮಾರ್ರೆ?" ಹಿಂದೆ ಡಿಕ್ಕಿ ಉಂಟಲ್ಲ ಎಂದೆ. "ಡಿಕ್ಕಿಗೆ ಹಿಡಿಯುದಿಲ್ಲ. ಹ್ಯಾಂಡಲ್ ಅಡ್ಡ ಬರ್ತದೆ." ಅಡ್ಡ ಬರದ ಹಾಗೆ ನಾನು ಮಾಡಿಕೊಡ್ತೇನೆ, ಎರಡು ನಿಮಿಷ ಕೊಡು ಎಂದೆ. ನಾನು ಮಾಡಿದ್ದನ್ನು ಅವನು ಬಾಯಿ ತೆರೆದು ನೋಡಿದ. ಹ್ಯಾಂಡಲನ್ನು ಚಕ್ರದ ನೇರಕ್ಕೆ ತಿರುಗಿಸಿ, ಬ್ಯಾಗಿನಿಂದ ಒಂದು ಕೆಂಪು ಬಟ್ಟೆಯ ಚೂರು ತೆಗೆದು ಅದಕ್ಕೆ ಕಟ್ಟಿದಾಗ ಮಾತ್ರ, "ಇದೆಂತ ಮೇಡಂ, ಪೂಜೆಯಾ?" ಎಂದು ಕೇಳಿದ. ನಕ್ಕು ಸೈಕಲನ್ನು ಡಿಕ್ಕಿಗೆ ನೂಕಿದೆ. ಬಸ್ಸು ಹೊರಡುವುದಕ್ಕಿತ್ತು, ಹೇಳುತ್ತಾ ಕೂತರೆ ಪುಂಜಾಲಕಟ್ಟೆಯವರೆಗೂ ಮುಗಿಯುವ ಕಥೆಯಲ್ಲ.

ನಿಮಗಾದರೂ ಹೇಳುತ್ತೇನೆ. ಪುಂಜಾಲಕಟ್ಟೆಯಲ್ಲಿ, ಬಸ್ಸುಗಳು ನಿಲ್ಲುವ ಜಾಗಕ್ಕೆ ಎದುರಾಗಿ, ನಮ್ಮ ಅಪ್ಪನ ಸೈಕಲ್ ಅಂಗಡಿ ಇತ್ತು. ಅಂಗಡಿಯ ಹಿಂದೆಯೇ ಬಾಡಿಗೆಯ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಅಮ್ಮ ಗೋಡೆಗೆ ಒರಗಿ ಬೀಡಿ ಕಟ್ಟುತ್ತಿದ್ದರು. ಹಿಂದಿನದ್ದರಲ್ಲಿ ಒಲೆ, ಅಜ್ಜಿ, ಅಜ್ಜಿಯ ಗೊಣಗಾಟ. ಜಗಲಿ ನಮ್ಮದೆಂದು ಹೆಸರಿಗೆ ಮಾತ್ರ. ಬಸ್ಸಿಗೆ ಕಾಯುವವರೆಲ್ಲ ಅಲ್ಲಿಯೇ ಕೂರುತ್ತಿದ್ದರು, ನೀರು ಕೇಳಿ ಕುಡಿಯುತ್ತಿದ್ದರು, ಅಜ್ಜಿಯ ಎಲೆ ಅಡಿಕೆಯ ತಟ್ಟೆಗೂ ಕೈ ಹಾಕುತ್ತಿದ್ದರು. ನಾವು ಎದ್ದರೆ ಬಸ್ಸಿನ ಸದ್ದಿಗೆ, ಮಲಗಿದರೆ ಬಸ್ಸು ನಿಂತ ಮೇಲೆ. ಮನೆಯ ಮಾತೆಲ್ಲ ತುಳುವಿನಲ್ಲೇ ಆದದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಜ್ಜಿಯ ಬೈಗುಳ ಅರ್ಧ ರುಚಿ ಕಳೆದುಕೊಂಡರೆ ಅದು ನನ್ನ ತಪ್ಪು, ಅಜ್ಜಿಯದ್ದಲ್ಲ.

ಆಗ ನಮ್ಮ ಕಡೆ ಸೈಕಲ್ ಇದ್ದವರು ಬಸ್ಸು ಬಿಟ್ಟವರಲ್ಲ, ಬಸ್ಸು ಹತ್ತುವವರು ಸೈಕಲ್ ಬಿಟ್ಟವರಲ್ಲ. ನಮ್ಮ ರಸ್ತೆಗಳೇ ಹಾಗೆ, ಒಂದು ಏರಿದರೆ ಒಂದು ಇಳಿಯಬೇಕು. ಹಾಗಾಗಿ ಏರುವಾಗ ಸೈಕಲ್ ಬಸ್ಸಿನ ಟಾಪಿನ ಮೇಲೆ, ಸವಾರ ಬಸ್ಸಿನೊಳಗೆ. ಇಳಿಯುವಾಗ ಸೈಕಲ್ ಕೆಳಗೆ, ಸವಾರ ಅದರ ಮೇಲೆ. ವಿದ್ಯುತ್ ಇಲಾಖೆಯ ಲೈನ್‌ಮನ್, ಅಂಚೆಯವರು, ಒಂದೂರಿನಿಂದ ಇನ್ನೊಂದೂರಿಗೆ ಹೊಲಿಗೆ ಕಲಿಸಲು ಹೋಗುತ್ತಿದ್ದ ಟೀಚರು, ಎಲ್ಲರದ್ದೂ ಇದೇ ಪದ್ಧತಿ. ಟಾಪಿನ ಮೇಲೆ ಬಾಳೆಗೊನೆ, ಅಕ್ಕಿಮುಡಿ, ಹಾಸಿಗೆಯ ಸುರುಳಿ, ಅದರ ನಡುವೆ ಅಂಗಾತ ಮಲಗಿದ ಸೈಕಲುಗಳು. ಹ್ಯಾಂಡಲ್ ಹಾಗೇ ಬಿಟ್ಟರೆ ರಸ್ತೆಗೆ ಬಾಗಿದ ಮರದ ಕೊಂಬೆಗೆ ಸಿಕ್ಕುತ್ತದೆ, ಇಲ್ಲವೇ ಪಕ್ಕದ ಸೈಕಲಿನ ಹೊಟ್ಟೆಗೆ ತೂರಿ ಎರಡನ್ನೂ ಬಿಡಿಸಲು ಅರ್ಧ ಗಂಟೆ ಬೇಕು. ಆದ್ದರಿಂದ ಏರಿಸುವ ಮೊದಲು ಮುಂದಿನ ಬ್ರೇಕಿನ ಕಂಬಿ ಕಳಚಿ, ಬೋಲ್ಟು ಸಡಿಲಿಸಿ, ಹ್ಯಾಂಡಲನ್ನು ಚಕ್ರದ ನೇರಕ್ಕೆ ತಿರುಗಿಸಬೇಕು. ಇಳಿಸಿದ ಮೇಲೆ ಮತ್ತೆ ಬಿಗಿ ಮಾಡಬೇಕು. ನಮ್ಮ ಅಪ್ಪನ ಅರ್ಧ ಕೆಲಸ ಇದುವೇ.

ಕೆಂಪು ಬಟ್ಟೆ ಅಪ್ಪನ ಉಪಾಯ. ಸಡಿಲವಾದ ಹ್ಯಾಂಡಲ್ ನೋಡಿದರೆ ಗೊತ್ತಾಗುವುದಿಲ್ಲ. ನೇರ ಮಾಡಿ ನಿಲ್ಲಿಸಿದರೆ ಒಳ್ಳೆಯ ಸೈಕಲಿನ ಹಾಗೆಯೇ ಕಾಣುತ್ತದೆ. ಅದಕ್ಕೆ ಅಜ್ಜಿಯ ಒಂದು ಹಳೆಯ ಕೆಂಪು ಸೀರೆಯನ್ನು ಉದ್ದುದ್ದ ಹರಿದು, ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಬಸ್ಸಿಗೆ ಸೈಕಲ್ ಹಾಕುವವರಿಗೆಲ್ಲ ಒಂದೊಂದು ಚೂರು ಕೊಟ್ಟಿದ್ದರು. ಬೋಲ್ಟು ಸಡಿಲಿಸಿದವರು ಬಟ್ಟೆ ಕಟ್ಟಬೇಕು, ಬಿಗಿ ಮಾಡಿದವರು ಬಿಚ್ಚಬೇಕು, ಬಟ್ಟೆ ಇರುವಷ್ಟು ಹೊತ್ತು ಯಾರೂ ಹತ್ತಬಾರದು. ಓದು ಬಾರದವರಿಗೂ ಅರ್ಥವಾಗುವ ಕಾನೂನು. ಬಿಚ್ಚಿದ ಬಟ್ಟೆಯನ್ನು ನಮ್ಮ ಅಂಗಡಿಯ ಬಾಗಿಲಿನ ಮೊಳೆಗೆ ಹಾಕುತ್ತಿದ್ದರು. ಸಂಜೆ ಹಿಂದಿರುಗುವಾಗ ಅವರವರದ್ದು ಅವರವರು ತೆಗೆದುಕೊಳ್ಳುತ್ತಿದ್ದರು. "ನನ್ನ ಸೀರೆ ನನಗಿಂತ ಹೆಚ್ಚು ಊರು ಸುತ್ತಿತು" ಎಂದು ಅಜ್ಜಿ ಜಗಲಿಯಲ್ಲಿ ಕೂತವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ದೂರು ಎಷ್ಟು, ಜಂಬ ಎಷ್ಟು ಎಂದು ನನಗೆ ಈಗಲೂ ಗೊತ್ತಿಲ್ಲ.

ದಿನದ ಮೊದಲ ಬಸ್ಸಿನಲ್ಲಿ ಬರುತ್ತಿದ್ದವರು ಅದ್ರಾಮಾಕ. ಬಂಟ್ವಾಳದ ಬ್ಯಾರಿ ಮುಸ್ಲಿಮರು, ಮೀನಿನ ವ್ಯಾಪಾರಿ. ಸೈಕಲೂ ಮೀನಿನ ಬುಟ್ಟಿಯೂ ಟಾಪಿನ ಮೇಲೆ ಬರುತ್ತಿದ್ದವು. ಐಸು ಕರಗಿ ಬುಟ್ಟಿಯ ನೀರು ಕಿಟಕಿಯ ಗುಂಟ ಇಳಿದು, ಕಿಟಕಿಯ ಬದಿ ಕೂತವರ ಬಿಳಿ ಅಂಗಿಯ ಮೇಲೆ ಬಿದ್ದು, ನಮ್ಮ ಜಗಲಿಯ ಮುಂದೆ ದಿನಾ ಒಂದು ಜಗಳ. ಅದ್ರಾಮಾಕ ಮಾತ್ರ ಬುಟ್ಟಿ ಇಳಿಸುತ್ತಾ, "ಇವತ್ತಿನದ್ದು ಒಳ್ಳೆ ಬಂಗುಡೆಯ ನೀರು ಮಾರ್ರೆ, ನಿನ್ನೆಯದ್ದು ಬರೀ ಬೂತಾಯಿ" ಎಂದು ಸಮಾಧಾನ ಹೇಳುತ್ತಿದ್ದರು. ಪುಂಜಾಲಕಟ್ಟೆಯಿಂದ ಬಂಟ್ವಾಳದ ಕಡೆಗೆ ಇಳಿಯುತ್ತಾ ಮನೆಮನೆಗೆ ಮೀನು ಮಾರಿ, ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಮಾಡಿ ಊರು ಸೇರುವುದು ಅವರ ಕ್ರಮ. ಅವರು ಬುಟ್ಟಿ ಸರಿಮಾಡಿಕೊಳ್ಳುವಷ್ಟರಲ್ಲಿ ಅಪ್ಪ ಅವರ ಹ್ಯಾಂಡಲ್ ಬಿಗಿ ಮಾಡಿ, ಮುಂದಿನ ಚಕ್ರವನ್ನು ಎರಡು ಮೊಣಕಾಲಿನ ನಡುವೆ ಹಿಡಿದು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ತಿರುಚಿ ನೋಡುತ್ತಿದ್ದರು. ಅಲ್ಲಾಡದಿದ್ದರೆ ಬಟ್ಟೆ ಬಿಚ್ಚುವುದು. ಸಂಜೆ ಈ ಕಡೆ ಬಾರದ ಅದ್ರಾಮಾಕನಿಗೆ ಮಾತ್ರ ಎರಡು ಚೂರು, ಇವತ್ತಿನದ್ದು ಮೊಳೆಗೆ, ನಿನ್ನೆಯದ್ದು ನಾಳೆಯ ಬಸ್ಸಿಗೆ. ಬಾಳೆ ಎಲೆಯಲ್ಲಿ ಎರಡು ಮೀನು ಸುತ್ತಿ ಅಜ್ಜಿಗೆ ಕೊಟ್ಟು ಅದ್ರಾಮಾಕ ಹೊರಡುತ್ತಿದ್ದರು. ಅವರ ರಬ್ಬರಿನ ಹಾರ್ನು ಪೊಂ ಪೊಂ ಎಂದು ತಿರುವು ದಾಟಿ ಹೋಗುವುದು ಕೇಳಿದರೆ ನನಗೆ ಶಾಲೆಗೆ ಹೊರಡುವ ಹೊತ್ತಾಯಿತೆಂದು ಅರ್ಥ.

ನಾನು ಆಗ ಆರನೆಯ ಕ್ಲಾಸು. ಮೈಯಲ್ಲಿ ಮಾಂಸ ಇಲ್ಲದಿದ್ದರೂ ಬಾಯಲ್ಲಿ ಜೋರಿತ್ತು. ಪಂಚರ್ ಹಾಕಲು ಬರುತ್ತಿತ್ತು, ಚೈನು ಕೂರಿಸಲು ಬರುತ್ತಿತ್ತು, ಅಂಗಡಿಯಲ್ಲಿದ್ದ ಸ್ಪಾನರುಗಳ ನಂಬರು ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಿದ್ದೆ. ಹ್ಯಾಂಡಲ್ ಬಿಗಿ ಮಾಡುವುದೊಂದನ್ನು ಮಾತ್ರ ಅಪ್ಪ ನನಗೆ ಬಿಡುತ್ತಿರಲಿಲ್ಲ. ಇನ್ನೂ ಎರಡು ವರ್ಷ ಅನ್ನ ಉಣ್ಣು, ಆಮೇಲೆ ಎನ್ನುತ್ತಿದ್ದರು. ಎಂಥ ಅನ್ಯಾಯ ಎಂದು ನನಗೆ ಮಂಡೆ ಬೆಚ್ಚ.

ಆ ದಿನ ಶನಿವಾರ. ಬಂಟ್ವಾಳದ ಬಸ್ಸೂ ಬೆಳ್ತಂಗಡಿಯ ಬಸ್ಸೂ ಒಟ್ಟಿಗೇ ಬಂದು ನಿಂತವು. ಅಪ್ಪ ಬೆಳ್ತಂಗಡಿ ಬಸ್ಸಿನ ಟಾಪಿನ ಮೇಲಿದ್ದರು, ಲೈನ್‌ಮನ್‌ನ ಸೈಕಲಿನ ಹಗ್ಗ ಬಿಚ್ಚುತ್ತಾ. ಅದ್ರಾಮಾಕನ ಸೈಕಲನ್ನು ಈಚೆ ಕಂಡಕ್ಟರ್ ಇಳಿಸಿ ನಮ್ಮ ಗೋಡೆಗೆ ಒರಗಿಸಿ ಹೋದ. ಐಸು ಬೇಗ ಕರಗುತ್ತಿತ್ತು, ಅದ್ರಾಮಾಕನಿಗೆ ಅವಸರ. "ಸ್ವಲ್ಪ ನಿಲ್ಲಿ, ಬಂದೆ" ಎಂದು ಅಪ್ಪ ಮೇಲಿನಿಂದ ಕೂಗಿದರು. ನಾನು ನಿಲ್ಲಲಿಲ್ಲ. ಸ್ಪಾನರ್ ತಂದು, ಹ್ಯಾಂಡಲ್ ನೇರ ಮಾಡಿ, ತುದಿಗಾಲಲ್ಲಿ ನಿಂತು, ಹಲ್ಲು ಕಚ್ಚಿ, ಇನ್ನು ಒಂದು ಕೂದಲಿನಷ್ಟೂ ತಿರುಗದು ಎನ್ನುವವರೆಗೆ ಬೋಲ್ಟು ಬಿಗಿ ಮಾಡಿದೆ. ಬ್ರೇಕಿನ ಕಂಬಿ ಸಿಕ್ಕಿಸಿದೆ. ಅಪ್ಪನ ಹಾಗೆಯೇ ಚಕ್ರವನ್ನು ಮೊಣಕಾಲಿನ ನಡುವೆ ಹಿಡಿದು ಬಲವೆಲ್ಲ ಹಾಕಿ ತಿರುಚಿ ನೋಡಿದೆ. ಅಲ್ಲಾಡಲಿಲ್ಲ. ಬಟ್ಟೆ ಬಿಚ್ಚಿ ಮೊಳೆಗೆ ಹಾಕಿ, "ಆಯಿತು ಅದ್ರಾಮಾಕ, ಹೋಗಿ" ಎಂದೆ. "ಭಾರಿ ಹುಷಾರಿ ಉಂಟು ಮಗಾ ನೀನು" ಎಂದು ಅವರು ನನ್ನ ತಲೆಯ ಮೇಲೆ ಮೀನಿನ ಕೈ ಇಟ್ಟು ಹತ್ತಿ ಹೋದರು. ಆ ಕ್ಷಣದಲ್ಲಿ ನನ್ನಷ್ಟು ದೊಡ್ಡವರು ಪುಂಜಾಲಕಟ್ಟೆಯಲ್ಲಿ ಯಾರೂ ಇರಲಿಲ್ಲ.

ಅಪ್ಪ ಏಣಿ ಇಳಿದು ಬಂದು ಮೊಳೆಯನ್ನು ನೋಡಿದರು. "ಟೈಟ್ ಮಾಡಿದ್ದು ಯಾರು?" "ನಾನು." "ನೋಡಿದೆಯಾ?" "ಮೊಣಕಾಲಲ್ಲಿ ಹಿಡಿದು ನೋಡಿದೆ. ಅಲ್ಲಾಡುದೇ ಇಲ್ಲ." ಅಪ್ಪ ನನ್ನ ಕೈಯನ್ನು ನೋಡಿದರು, ಅದ್ರಾಮಾಕ ಹೋದ ದಾರಿಯನ್ನು ನೋಡಿದರು. ಆ ಹೊತ್ತಿಗೆ ಲೈನ್‌ಮನ್, "ಸೇಸಪ್ಪಣ್ಣ, ನನ್ನದೊಮ್ಮೆ ಮಾಡಿಕೊಡಿ, ಹೊತ್ತಾಯಿತು" ಎಂದರು. ಅಪ್ಪ ಅವರ ಹ್ಯಾಂಡಲ್ ಬಿಗಿ ಮಾಡಿದರು, ನೋಡಿದರು, ಬಟ್ಟೆ ಬಿಚ್ಚಿದರು. ಆಮೇಲೆ ತಮ್ಮ ಸೈಕಲ್ ಹತ್ತಿ ಬಂಟ್ವಾಳದ ಕಡೆಗೆ ಹೊಡೆದುಕೊಂಡು ಹೋದರು.

ಎಲ್ಲಿ ತಪ್ಪಿತೆಂದು ನನಗೆ ಅರ್ಥವಾಗಲು ತುಂಬ ದಿನ ಬೇಕಾಯಿತು. ಬಿಗಿ ಮಾಡಿದ್ದು ನನ್ನ ಕೈ, ಪರೀಕ್ಷೆ ಮಾಡಿದ್ದೂ ಅದೇ ಕೈ. ನನ್ನ ಬಲ ಎಷ್ಟಿತ್ತೋ ಅಷ್ಟಕ್ಕೆ ಅದು ಬಿಗಿಯಾಗಿತ್ತು, ಅಷ್ಟೇ ಬಲಕ್ಕೆ ಅದು ಅಲ್ಲಾಡಲಿಲ್ಲ. ನಲವತ್ತು ದಾಟಿದ ಗಂಡಸು, ಬುಟ್ಟಿ ತುಂಬ ಮೀನು, ಇಳಿಜಾರು, ಎರಡನೆಯ ತಿರುವು. ಅದ್ರಾಮಾಕ ಹ್ಯಾಂಡಲ್ ತಿರುಗಿಸಿದರು, ಚಕ್ರ ತಿರುಗಲಿಲ್ಲ; ಸೈಕಲ್ ನೇರ ಹೋಗಿ ರಸ್ತೆ ಬದಿಯ ಮಳೆನೀರಿನ ಕಣಿಗೆ ಇಳಿಯಿತು. ಅಪ್ಪ ತಲುಪುವಾಗ ಅವರು ಕಣಿಯ ಅಂಚಿನಲ್ಲಿ ಕೂತು, ಒಂದು ಕೈಯಲ್ಲಿ ಇನ್ನೊಂದು ತೋಳು ಹಿಡಿದುಕೊಂಡು, ಚೆಲ್ಲಿದ ಮೀನಿಗೆ ಬಂದ ಕಾಗೆಗಳಿಗೆ ಬೈಯುತ್ತಿದ್ದರಂತೆ. ಭುಜದ ಎಲುಬು ಮುರಿದಿತ್ತು. ಎರಡು ತಿಂಗಳು ಸೈಕಲ್ ಮುಟ್ಟಬಾರದು ಎಂದರು ಡಾಕ್ಟರು. ಮೀನಿನ ವ್ಯಾಪಾರಿ ಎರಡು ತಿಂಗಳು ಬಾರದಿದ್ದರೆ ಅವನ ಮನೆಗಳೆಲ್ಲ ಇನ್ನೊಬ್ಬನ ಪಾಲು, ಆಮೇಲೆ ಹಾರ್ನು ಹೊಡೆದರೂ ಯಾರೂ ಬಾಗಿಲಿಗೆ ಬರುವುದಿಲ್ಲ. ಐದು ಮಕ್ಕಳ ಮನೆ ಅವರದು.

ನನಗೆ ಪೆಟ್ಟು ಬೀಳಲಿಲ್ಲ. ಬಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಂಜೆ ಅಪ್ಪ ಬಂದು, ಕೈಕಾಲು ತೊಳೆದು, "ಉಂಡೆಯಾ?" ಎಂದು ಮಾತ್ರ ಕೇಳಿದರು. ಮರುದಿನ ಜಗಲಿಯಲ್ಲಿ ವಿಚಾರಣೆ ಶುರುವಾಯಿತು. ಅದ್ರಾಮಾಕ ಆಸ್ಪತ್ರೆಗೆ ಬಂದವರಿಗೆಲ್ಲ ನಾಯಿ ಅಡ್ಡ ಬಂತು ಎಂದು ಹೇಳುತ್ತಿದ್ದರು. ನಮ್ಮ ಅಪ್ಪ ಜಗಲಿಗೆ ಬಂದವರಿಗೆಲ್ಲ, "ನಾಯಿಯೂ ಇಲ್ಲ, ಎಂತದೂ ಇಲ್ಲ. ಹ್ಯಾಂಡಲ್ ಲೂಸಿತ್ತು. ತಪ್ಪು ನನ್ನದು" ಎನ್ನುತ್ತಿದ್ದರು. ಆಸ್ಪತ್ರೆಯಿಂದ ಬಂದವರು ನಾಯಿಯ ಬಣ್ಣ ಹೇಳುತ್ತಿದ್ದರು, ಜಗಲಿಯಿಂದ ಹೋದವರು ಬೋಲ್ಟಿನ ಕಥೆ ಹೇಳುತ್ತಿದ್ದರು. ನನ್ನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಇದರ ನಡುವೆ ನಮ್ಮ ಅಂಗಡಿಗೆ ಏನಾಯಿತೆಂದರೆ, ಲೈನ್‌ಮನ್ ತಾವೇ ಒಂದು ಸ್ಪಾನರ್ ಕೊಂಡುಕೊಂಡರು. ಅಂಚೆಯವರು ಇಳಿಸಿದ ಸೈಕಲನ್ನು ನಮ್ಮ ಬಾಗಿಲಿಗೆ ತಾರದೆ ಹಾಗೇ ನೂಕಿಕೊಂಡು ಹೋದರು. ಬಾಗಿಲಿನ ಮೊಳೆ ಖಾಲಿಯಾಯಿತು. ನಾನು ಬಾಯಿ ಬಿಟ್ಟು ನಿಜ ಹೇಳಿದ್ದರೆ ಅಪ್ಪನ ಹೆಸರು ಉಳಿಯುತ್ತಿತ್ತು. ಹೇಳಲಿಲ್ಲ. ಹನ್ನೊಂದು ವರ್ಷದವಳ ಜೋರು ಬಾಯಿ ಆ ಒಂದು ಮಾತಿಗೆ ಮಾತ್ರ ತೆರೆಯಲಿಲ್ಲ.

ಮೂರನೆಯ ದಿನ ಅಪ್ಪ ಮೊದಲ ಬಸ್ಸು ಬರುವ ಮೊದಲೇ ತಮ್ಮ ಸೈಕಲಿನಲ್ಲಿ ಬಂಟ್ವಾಳಕ್ಕೆ ಹೋಗಿದ್ದರು. ಬಸ್ಸು ಬಂದು ನಿಂತಾಗ ಟಾಪಿನ ಮೇಲಿಂದ ಇಳಿದದ್ದು ಅದ್ರಾಮಾಕನದ್ದೇ ಸೈಕಲ್, ಅದ್ರಾಮಾಕನದ್ದೇ ಬುಟ್ಟಿ. ಬಸ್ಸಿನೊಳಗಿನಿಂದ ಇಳಿದವರು ನಮ್ಮ ಅಪ್ಪ. ಅಜ್ಜಿ ತಲೆಯ ಮೇಲೆ ಕೈ ಹೊತ್ತರು. "ನಿನ್ನ ಮಂಡೆ ಸಮ ಉಂಟಾ? ಮೀನು ಮಾರುದಾ ನೀನು?" "ಅವನು ಏಳುವವರೆಗೆ ಅವನ ಮನೆಗಳನ್ನು ನೋಡಿಕೊಳ್ಳುವ" ಎಂದರು ಅಪ್ಪ. ಹೇಳುವುದು ಸುಲಭ. ನಾಚಿಕೆಗೆ ಅಪ್ಪ ಹಾರ್ನು ಒತ್ತಲಿಲ್ಲ, ಕೂಗು ಹಾಕಲಿಲ್ಲ. ಮೌನವಾಗಿ ಬರುವ ಮೀನಿನವನಿಗೆ ಯಾರು ಬಾಗಿಲು ತೆರೆಯುತ್ತಾರೆ? ಮೊದಲ ದಿನ ಮುಕ್ಕಾಲು ಬುಟ್ಟಿ ಹಾಗೇ ಮರಳಿ ಬಂತು. ನಾವು ಬಂಗುಡೆಯ ಸಾರು, ಬಂಗುಡೆಯ ಪುಳಿಮುಂಚಿ, ಕಾಯಿಸಿದ ಬಂಗುಡೆ ತಿಂದು, ಜಗಲಿಯಲ್ಲಿ ಕೂತವರಿಗೂ ಹಂಚಿ, ಬೆಕ್ಕುಗಳನ್ನು ಕರೆಕರೆದು ಹಾಕಿದೆವು. ಒಂದು ವಾರದಲ್ಲಿ ಅಪ್ಪನಿಗೆ ನಾಚಿಕೆ ಬಿಟ್ಟಿತು. ಎರಡನೆಯ ವಾರ ಪೊಂ ಪೊಂ ಎಂದು ಹಾರ್ನು ತಿರುವು ದಾಟಿ ಹೋಗುವುದು ಮೊದಲಿನ ಹಾಗೆಯೇ ಕೇಳತೊಡಗಿತು. ಮನೆಯಲ್ಲಿ ಗ್ರೀಸಿನ ವಾಸನೆಯೂ ಮೀನಿನ ವಾಸನೆಯೂ ಸೇರಿ, ನನ್ನ ಶಾಲೆಯ ಚೀಲವನ್ನು ಪಕ್ಕದವಳು ದೂರ ಇಡು ಎನ್ನುತ್ತಿದ್ದಳು.

ಬೆಳಗಿನ ಹೊತ್ತು ಅಂಗಡಿ ಅಮ್ಮನ ಕೈಗೆ ಬಂತು. ಅಮ್ಮ ಬೀಡಿ ಎಲೆಯಿದ್ದ ತಡ್ಪೆ ಮೊರವನ್ನು ಬದಿಗೆ ಸರಿಸಿ ಎದ್ದು ಬಂದು ಪಂಚರ್ ಹಾಕುತ್ತಿದ್ದರು. ನಾನು ಟ್ಯೂಬು ಉಜ್ಜಿಕೊಡುತ್ತಿದ್ದೆ, ನೀರು ತಂದುಕೊಡುತ್ತಿದ್ದೆ. ಸ್ಪಾನರ್ ಮುಟ್ಟುತ್ತಿರಲಿಲ್ಲ. "ಅದೆಂತ ಕಚ್ಚುತ್ತದಾ ಮಾರಾಯ್ತಿ? ತಾ ಇಲ್ಲಿ" ಎಂದು ಅಮ್ಮ ಎರಡು ಸಲ ಕೇಳಿದರು. ಮೂರನೆಯ ಸಲ ನನ್ನ ಮುಖ ನೋಡಿ ತಾವೇ ಎದ್ದು ತೆಗೆದುಕೊಂಡರು. ಇನ್ನು ಜೀವಮಾನದಲ್ಲಿ ಸ್ಪಾನರ್ ಹಿಡಿಯುವುದಿಲ್ಲ ಎಂದು ನಾನು ಒಳಗೇ ಆಣೆ ಹಾಕಿಕೊಂಡಿದ್ದೆ. ದೇವರಾಣೆ, ಅಷ್ಟು ದುಃಖ ಆಮೇಲೆ ಯಾವತ್ತೂ ಆಗಿಲ್ಲ, ಅಪ್ಪ ಹೋದ ದಿನ ಬಿಟ್ಟರೆ.

ಎರಡು ತಿಂಗಳ ಮೇಲೆ ಒಂದು ದಿನ ಮೊದಲ ಬಸ್ಸಿನಿಂದ ಅದ್ರಾಮಾಕನೂ ಅಪ್ಪನೂ ಜೊತೆಯಾಗಿ ಇಳಿದರು. ಜಗಲಿಯಲ್ಲಿ ಲೈನ್‌ಮನ್ ಇದ್ದರು, ಅಂಚೆಯವರು ಇದ್ದರು, ಹೊಲಿಗೆ ಟೀಚರೂ ಇದ್ದರು. ಕಂಡಕ್ಟರ್ ಸೈಕಲ್ ಇಳಿಸಿ ಗೋಡೆಗೆ ಒರಗಿಸಿದ. ಹ್ಯಾಂಡಲಿನಲ್ಲಿ ಕೆಂಪು ಬಟ್ಟೆ ಇತ್ತು. ಅಪ್ಪ ಸ್ಪಾನರ್ ತೆಗೆದುಕೊಂಡು ಬಂದರು. ಅದ್ರಾಮಾಕ ಕೈ ಅಡ್ಡ ಹಿಡಿದರು. "ನೀನಲ್ಲ ಸೇಸಪ್ಪಣ್ಣ. ಅವಳು ಮಾಡಲಿ." ಎಲ್ಲರ ಕಣ್ಣೂ ನನ್ನ ಮೇಲೆ ಬಂತು. ನಾಯಿ ಇರಲಿಲ್ಲವೆಂದೂ, ಅವತ್ತು ಬಿಗಿ ಮಾಡಿದ್ದು ಅಪ್ಪನಲ್ಲವೆಂದೂ ಎಲ್ಲರಿಗೂ ಒಂದೇ ಸಲ ಗೊತ್ತಾಯಿತು. ನಾನು ಅಳುತ್ತಾ, "ನಾನು ಮಾಡುದಿಲ್ಲ. ನೀವು ಬಿದ್ದದ್ದು ನನ್ನಿಂದ" ಎಂದೆ. ಅಂತೂ ಹೇಳಿದೆ, ಎಲ್ಲರ ಎದುರು ಹೇಳಿದೆ. ಅದ್ರಾಮಾಕ ನನ್ನ ಎದುರು ಕುಕ್ಕುರುಗಾಲಲ್ಲಿ ಕೂತರು. "ಅಲ್ಲ ಮಗಾ. ನಿಲ್ಲಿ ಅಂತ ನಿನ್ನಪ್ಪ ಟಾಪಿನಿಂದ ಕೂಗಿದ್ದು ನನಗೂ ಕೇಳಿತ್ತು. ಐಸು ಕರಗ್ತದೆ ಅಂತ ನಾನೇ ನಿಲ್ಲಲಿಲ್ಲ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ ನಾಯಿ ತಂದೆ." ಅಪ್ಪ ತಲೆ ತಗ್ಗಿಸಿ, "ನನಗೆ ಗೊತ್ತಾದ ಕೂಡಲೇ ನಿನ್ನ ಹಿಂದೆಯೇ ಬರಬೇಕಿತ್ತು. ಇನ್ನೊಂದು ಸೈಕಲ್ ಮುಗಿಸಿ ಬಂದೆ" ಎಂದರು. ಲೈನ್‌ಮನ್ ಕೆಮ್ಮಿ, ಬೇರೆ ಕಡೆ ನೋಡಿದರು. ಮೀನು ಕರಗಿ ನೀರಾಗುವ ಮೊದಲು ಯಾರಾದರೂ ಒಬ್ಬರು ಟೈಟ್ ಮಾಡಿ ಸಾಯಿರಿ ಎಂದು ಒಳಗಿನಿಂದ ಅಜ್ಜಿ ಬೊಬ್ಬೆ ಹಾಕಿದರು.

ನಾನು ಬಿಗಿ ಮಾಡಿದೆ. ಕಣ್ಣೊರೆಸಿಕೊಂಡು, ಆಣೆ ಮುರಿದು ಮಾಡಿದೆ. ಬಟ್ಟೆಗೆ ಕೈ ಹಾಕಲು ಹೋದಾಗ ಅಪ್ಪ, "ನಿಲ್ಲು" ಎಂದರು. ಚಕ್ರವನ್ನು ತಮ್ಮ ಮೊಣಕಾಲಿನ ನಡುವೆ ಹಿಡಿದು ತಿರುಚಿದರು. ಹ್ಯಾಂಡಲ್ ಒಂದು ಬೆರಳಿನಷ್ಟು ಜಾರಿತು. ಅಪ್ಪ ಬೈಯಲಿಲ್ಲ. ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ಅರ್ಧ ಸುತ್ತು ಹೆಚ್ಚು ತಿರುಗಿಸಿದರು. ಅರ್ಧ ಸುತ್ತು, ಅಷ್ಟೇ ಇದ್ದದ್ದು ನನಗೂ ಅಪ್ಪನಿಗೂ ವ್ಯತ್ಯಾಸ. ಮತ್ತೆ ಹಿಡಿದು ನೋಡಿದರು, ಈ ಸಲ ಅಲ್ಲಾಡಲಿಲ್ಲ. "ಇನ್ನು ಮೇಲೆ ಮಾಡಿದವರು ನೋಡುದಲ್ಲ. ಒಬ್ಬರು ಮಾಡುದು, ಇನ್ನೊಬ್ಬರು ನೋಡುದು. ಆಮೇಲೆ ಬಟ್ಟೆ" ಎಂದು ಜಗಲಿಗೆಲ್ಲ ಕೇಳುವ ಹಾಗೆ ಹೇಳಿದರು. ಬಟ್ಟೆ ಬಿಚ್ಚಿದ್ದು ನಾನೇ. ಅದ್ರಾಮಾಕ ಹಿಂದೆಮುಂದೆ ನೋಡದೆ ಹತ್ತಿ ಇಳಿಜಾರಿಗೆ ಬಿಟ್ಟರು. ಒಂದನೆಯ ತಿರುವು, ಎರಡನೆಯ ತಿರುವು; ಅದರಾಚೆಯಿಂದ ಪೊಂ ಪೊಂ ಕೇಳುವವರೆಗೆ ನಾವು ಯಾರೂ ಕೂರಲಿಲ್ಲ. ಮರುದಿನ ಬಾಗಿಲಿನ ಮೊಳೆಯಲ್ಲಿ ಲೈನ್‌ಮನ್‌ನ ಬಟ್ಟೆಯೂ ಇತ್ತು.

ಅಲ್ಲಿಂದ ಮುಂದೆ ನಾನು ಮಾಡುವುದು, ಅಪ್ಪ ನೋಡುವುದು. ನಾನು ಕಾಲೇಜಿಗೆ ಹೋಗುವಾಗಲೂ, ಕೆಲಸ ಸಿಕ್ಕಿದ ಮೇಲೆ ರಜೆಯಲ್ಲಿ ಬಂದಾಗಲೂ ಹಾಗೆಯೇ. ಬಿಗಿ ಮಾಡಿ ಸೈಕಲನ್ನು ಹಿಂದಿನಿಂದ ಹಿಡಿದುಕೊಂಡು ಮುಂದಿನ ಚಕ್ರವನ್ನು ಅಪ್ಪನ ಕಡೆಗೆ ತಿರುಗಿಸುತ್ತಿದ್ದೆ. ಅವರು ಕೆಲಸ ಬಿಟ್ಟು ಬಂದು ಮೊಣಕಾಲು ಕೊಡುತ್ತಿದ್ದರು. ನನ್ನ ಕೈ ಅವರದ್ದಕ್ಕಿಂತ ಬಲವಾದ ಮೇಲೂ ಬಂದರು. ಆಮೇಲೆ ಮೋಟಾರ್ ಬೈಕುಗಳು ಬಂದವು, ಬಸ್ಸುಗಳ ಏಣಿ ಹೋಯಿತು, ಅಜ್ಜಿಯ ಸೀರೆಯ ಚೂರುಗಳು ಕೈ ಒರೆಸುವ ಬಟ್ಟೆಗಳಾದವು. ಅದ್ರಾಮಾಕ ಕೊನೆಗಾಲಕ್ಕೆ ಮೂಡುಬಿದಿರೆಯ ಹತ್ತಿರ ಪುತ್ತಿಗೆಯಲ್ಲಿ ಮಗಳ ಮನೆಯಲ್ಲಿದ್ದರು. ಕೆಲಸ ಮುಗಿಸಿ ನೋಡಲು ಹೋದರೆ ಭುಜ ಮುಟ್ಟಿಕೊಂಡು, "ಮಳೆಗಾಲಕ್ಕೆ ಈಗಲೂ ನೋಯ್ತದೆ. ಆಗೆಲ್ಲ ನಿನ್ನ ನೆನಪಾಗ್ತದೆ ನೋಡು" ಎಂದು ನಗುತ್ತಿದ್ದರು. ಅವರೂ ಹೋದರು, ಅಜ್ಜಿ ಮೊದಲೇ ಹೋಗಿದ್ದರು, ಅಪ್ಪ ಅಮ್ಮ ನನ್ನ ಜೊತೆ ಲಾಯಿಲದಲ್ಲಿದ್ದು ಒಬ್ಬರ ಹಿಂದೆ ಒಬ್ಬರು ಹೋದರು. ರಸ್ತೆ ಅಗಲವಾದಾಗ ಅಂಗಡಿಯೂ ಮನೆಯೂ ಜಗಲಿಯೂ ಡಾಮರಿನ ಅಡಿಗೆ ಬಂದವು.

ಕಳೆದ ತಿಂಗಳು ಆ ಬಸ್ಸು ಪುಂಜಾಲಕಟ್ಟೆ ದಾಟುವಾಗ ನಾನು ಲೆಕ್ಕ ಹಾಕಿ ನೋಡಿದೆ: ಇದು ಜಗಲಿ, ಇದು ಅಮ್ಮ ಒರಗುತ್ತಿದ್ದ ಗೋಡೆ, ಇದು ಅಜ್ಜಿಯ ಒಲೆ. ಬಸ್ಸು ತುಂಬ ಜನ ಮೊಬೈಲು ನೋಡುತ್ತಾ ನಮ್ಮ ಅಡುಗೆಮನೆಯನ್ನು ಹಾದು ಹೋದರು. ನನ್ನ ಸೈಕಲೂ ಡಿಕ್ಕಿಯಲ್ಲಿ ಮಲಗಿ ಹಾದು ಹೋಯಿತು. ನನಗೆ ಆಗ ಅಳು ಬರಲಿಲ್ಲ. ಸಂತೋಷವೇ ಆಯಿತು ಎನ್ನಬೇಕು. ನಮ್ಮ ಬಾಗಿಲಿಗೆ ಮತ್ತೊಮ್ಮೆ ಒಂದು ಸೈಕಲ್ ಬಂದಿತಲ್ಲ ಎಂದುಕೊಂಡೆ.

ಲಾಯಿಲದಲ್ಲಿ ಕಂಡಕ್ಟರ್ ಸೈಕಲ್ ಇಳಿಸಿಕೊಟ್ಟು, ಸೀಟಿ ಊದಿ, ಹೊರಟುಹೋದ. ನಾನು ರಸ್ತೆ ಬದಿಯಲ್ಲಿ ನಿಂತು ಹ್ಯಾಂಡಲ್ ನೇರ ಮಾಡಿ, ಬ್ರೇಕಿನ ಕಂಬಿ ಸಿಕ್ಕಿಸಿ, ಬೋಲ್ಟು ಬಿಗಿ ಮಾಡಿದೆ. ಆ ಅರ್ಧ ಸುತ್ತನ್ನೂ ಸೇರಿಸಿಯೇ ಮಾಡಿದೆ. ಮೂವತ್ತು ವರ್ಷ ಇದನ್ನೇ ಕಲಿಸಿದವಳು. ನನ್ನ ಕೈ ಬಿಗಿ ಮಾಡಿದ್ದನ್ನು ಜಾರಿಸುವ ಗಂಡಸು ಈ ತಾಲೂಕಿನಲ್ಲಿ ಇನ್ನೂ ಹುಟ್ಟಬೇಕು. ಆಮೇಲೆ ಏನು ಮಾಡಿದೆನೆಂದು ನನಗೇ ತಿಳಿಯಲಿಲ್ಲ. ಸೈಕಲನ್ನು ಹಿಂದಿನಿಂದ ಹಿಡಿದುಕೊಂಡು, ಮುಂದಿನ ಚಕ್ರವನ್ನು ಆಚೆಗೆ ತಿರುಗಿಸಿ, ಕಾಯುತ್ತಾ ನಿಂತಿದ್ದೆ. ಎಷ್ಟು ಹೊತ್ತು ನಿಂತೆನೋ. ಎರಡು ಆಟೋ ನಿಧಾನ ಮಾಡಿ ಹೋದವು. ಕೊನೆಗೆ ಸೈಕಲನ್ನು ನೂಕಿಕೊಂಡು ಮನೆಯ ಕಡೆಗೆ ನಡೆದೆ. ಹ್ಯಾಂಡಲಿನಲ್ಲಿ ಕೆಂಪು ಬಟ್ಟೆ ಹಾಗೇ ಇತ್ತು. ದಾರಿಯಲ್ಲಿ ಅಂಗಡಿಯವ ಕೂಗಿ ಕೇಳಿದ, "ಎಂತ ಮೇಡಂ, ನೂಕಿಕೊಂಡು ಹೋಗುದು? ಪಂಚರಾ?"

"ಪಂಚರ್ ಅಲ್ಲ ಮಾರಾಯ," ಎಂದೆ. "ಟೈಟ್ ಮಾಡಿ ಆಗಿದೆ. ನೋಡ್ಲಿಕ್ಕೆ ಅಪ್ಪ ಇಲ್ಲ."